‘ಇತಿಹಾಸದಲ್ಲಿ ಈ ದಿನ’: ಪಟ್ಟಿ ಸಾಕು, ಕಥೆ ಹೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ‘ಇತಿಹಾಸದಲ್ಲಿ ಈ ದಿನ’ ಅಂಕಣವನ್ನು ತಪ್ಪದೆ ಓದುವವರಲ್ಲಿ ನಾನೂ ಒಬ್ಬ. ಪದಬಂಧಕ್ಕೂ ಮೊದಲು ಕಣ್ಣು ಹೋಗುವುದು ಅಲ್ಲಿಗೇ. ಆದರೆ ಏಳೆಂಟು ಘಟನೆಗಳನ್ನು ಒಂದೊಂದು ಸಾಲಿನಲ್ಲಿ ಮುಗಿಸಿಬಿಡುತ್ತೀರಿ. ಯಾರೋ ಹುಟ್ಟಿದರು, ಯಾರೋ ಸತ್ತರು, ಯಾವುದೋ ಕೋಟೆ ಬಿತ್ತು. ಪುಟ ತಿರುಗಿಸುವಷ್ಟರಲ್ಲಿ ಒಂದೂ ನೆನಪಿರುವುದಿಲ್ಲ. ದಿನಕ್ಕೆ ಒಂದೇ ಘಟನೆ ಕೊಡಿ, ಸಾಕು. ಆದರೆ ಅದು ಅಂದೇ ಯಾಕೆ ನಡೆಯಿತು, ಆ ತಾರೀಖು ಹೇಗೆ ಬಂತು ಅಂತ ಹೇಳಿ.

ನವೆಂಬರ್ 9ನ್ನೇ ತೆಗೆದುಕೊಳ್ಳಿ. ‘1989: ಬರ್ಲಿನ್ ಗೋಡೆ ಪತನ’ ಅಂತ ಎಲ್ಲ ಪಟ್ಟಿಗಳಲ್ಲೂ ಇರುತ್ತದೆ. ನಿಜ ಹೇಳಬೇಕೆಂದರೆ ಅಂದು ಗೋಡೆ ಬೀಳಲಿಲ್ಲ, ಗೇಟು ತೆರೆಯಿತು. ಅದೂ ಒಂದು ಎಡವಟ್ಟಿನಿಂದ. ಪೂರ್ವ ಜರ್ಮನಿಯ ಆಡಳಿತ ಪಕ್ಷದ ಪರವಾಗಿ ಗುಂಟರ್ ಶಾಬೊವ್ಸ್ಕಿ ಅಂದು ಸಂಜೆ ಪತ್ರಿಕಾಗೋಷ್ಠಿ ನಡೆಸುತ್ತಿದ್ದರು. ಕೊನೆಯಲ್ಲಿ, ವಿದೇಶ ಪ್ರಯಾಣದ ಹೊಸ ನಿಯಮದ ಕಾಗದವೊಂದನ್ನು ಓದಿದರು. ನಿಯಮ ಜಾರಿಯಾಗಬೇಕಿದ್ದದ್ದು ಮರುದಿನ. ಅದನ್ನು ಅವರಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ‘ಯಾವಾಗಿನಿಂದ?’ ಅಂತ ಪತ್ರಕರ್ತರು ಕೇಳಿದರು. ಶಾಬೊವ್ಸ್ಕಿ ಕಾಗದಗಳನ್ನು ಹಿಂದೆ ಮುಂದೆ ತಿರುವಿ ಹಾಕಿ, ತಮಗೆ ಗೊತ್ತಿರುವ ಮಟ್ಟಿಗೆ ಈಗಿನಿಂದಲೇ, ತಡವಿಲ್ಲದೆ ಅಂದುಬಿಟ್ಟರು. ಟೀವಿಯಲ್ಲಿ ನೇರ ಪ್ರಸಾರ ಬೇರೆ! ಜನ ಗಡಿ ಠಾಣೆಗಳಿಗೆ ನುಗ್ಗಿದರು. ಬೋರ್ನ್‌ಹೋಲ್ಮರ್ ಬೀದಿಯ ಠಾಣೆಯಲ್ಲಿದ್ದ ಅಧಿಕಾರಿ ಹರಾಲ್ಡ್ ಯೇಗರ್ ಮೇಲಿನವರಿಗೆ ಮತ್ತೆ ಮತ್ತೆ ಫೋನ್ ಮಾಡಿದರು. ಸ್ಪಷ್ಟ ಆದೇಶ ಬರಲೇ ಇಲ್ಲ. ಗುಂಪು ಬೆಳೆಯುತ್ತಲೇ ಇತ್ತು. ರಾತ್ರಿ ಹನ್ನೊಂದೂವರೆ ಹೊತ್ತಿಗೆ ತಾವೇ ನಿರ್ಧರಿಸಿ ಗೇಟು ತೆಗೆಸಿದರು. ಇಷ್ಟೆಲ್ಲ ‘ಗೋಡೆ ಪತನ’ ಅನ್ನುವ ಎರಡು ಪದಗಳಲ್ಲಿ ಹಿಡಿಯುತ್ತದೆಯೇ?

ಇಷ್ಟಾಗಿಯೂ ಜರ್ಮನ್ನರು ಈ ದಿನವನ್ನು ತಮ್ಮ ರಾಷ್ಟ್ರೀಯ ದಿನ ಮಾಡಿಕೊಳ್ಳಲಿಲ್ಲ. ಎರಡೂ ಜರ್ಮನಿಗಳು 1990ರಲ್ಲಿ ಒಂದಾದ ಅಕ್ಟೋಬರ್ 3ನ್ನು ಆರಿಸಿಕೊಂಡರು. ನವೆಂಬರ್ 9ಕ್ಕೆ ಬೇರೆಯದೇ ಒಂದು ಕಲೆ ಅಂಟಿದೆ. 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರನ ದಂಗೆ ಮುರಿದುಬಿದ್ದದ್ದು ಇದೇ ದಿನ. 1938ರಲ್ಲಿ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಟ್ಟದ್ದೂ ಇದೇ ರಾತ್ರಿ. ಈ ಎರಡು ಸುಮ್ನೆ ಒಂದೇ ತಾರೀಖಿಗೆ ಬಂದು ಬಿದ್ದದ್ದಲ್ಲ. 1923ರ ದಂಗೆಯ ನೆನಪಿಗಾಗಿಯೇ ನಾಜಿ ನಾಯಕರೆಲ್ಲ ಅಂದು ಮ್ಯೂನಿಕ್‌ನಲ್ಲಿ ಸೇರಿದ್ದರು. ದಾಳಿಗೆ ಕುಮ್ಮಕ್ಕು ಸಿಕ್ಕಿದ್ದು ಆ ಕೂಟದಲ್ಲೇ. ನಿಮ್ಮ ಪಟ್ಟಿಯಲ್ಲಿ ಇವು ಒಂದರ ಕೆಳಗೊಂದು ಬರುತ್ತವೆ, ಪರಿಚಯವೇ ಇಲ್ಲದವರ ಹಾಗೆ.

ಇನ್ನು ಕ್ಯಾಲೆಂಡರ್ ವಿಷಯ. ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಲೇಖಕ ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ರಂದು ತೀರಿಕೊಂಡರು ಅಂತ ವಿಶ್ವ ಪುಸ್ತಕ ದಿನ ಬಂದಾಗಲೆಲ್ಲ ಓದುತ್ತೇವೆ. ಆದರೆ ಸ್ಪೇನ್ ಆಗಲೇ ಹೊಸ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದಿತ್ತು, ಇಂಗ್ಲೆಂಡ್ ಹಳೆಯ ಜೂಲಿಯನ್‌ನಲ್ಲೇ ಇತ್ತು. ಎರಡಕ್ಕೂ ಹತ್ತು ದಿನ ವ್ಯತ್ಯಾಸ. ಸರ್ವಾಂಟಿಸ್ ತೀರಿಕೊಂಡದ್ದು ಏಪ್ರಿಲ್ 22ರಂದು, ಮಣ್ಣು ಮಾಡಿದ್ದು 23ರಂದು. ಶೇಕ್ಸ್‌ಪಿಯರ್ ಸತ್ತ ದಿನ ಸ್ಪೇನಿನಲ್ಲಿ ಮೇ 3. ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಅನ್ನುವ ಮಾತೂ ಇಂಥದ್ದೇ. ನ್ಯೂಟನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 1642ರ ಡಿಸೆಂಬರ್ 25, ಗೆಲಿಲಿಯೋನ ಇಟಲಿಯ ಲೆಕ್ಕದಲ್ಲಿ 1643ರ ಜನವರಿ 4. ಎರಡು ಕ್ಯಾಲೆಂಡರ್ ಬೆರೆಸಿದರೆ ಮಾತ್ರ ಆ ಚಂದದ ಹೊಂದಾಣಿಕೆ ಸಿಗುತ್ತದೆ. ರಷ್ಯಾದ ಅಕ್ಟೋಬರ್ ಕ್ರಾಂತಿಯ ವಾರ್ಷಿಕೋತ್ಸವ ನವೆಂಬರ್ 7ಕ್ಕೆ ಯಾಕೆ ಅನ್ನುವುದಕ್ಕೂ ಉತ್ತರ ಇದೇ. ಅಲ್ಲಿ 1918ರ ಜನವರಿ 31ರ ಮರುದಿನವೇ ಫೆಬ್ರುವರಿ 14 ಬಂತು. ತಾರೀಖಿನ ಪಕ್ಕ ‘ಹಳೆಯ ಕ್ಯಾಲೆಂಡರ್’ ಅಂತ ಹಾಕಿದರೆ ಎಷ್ಟು ಜಾಗ ಬೇಕು ಹೇಳಿ?

ಗಡಿಯಾರದ್ದೂ ಒಂದು ತಕರಾರಿದೆ. ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದಾಗ ಹವಾಯಿಯಲ್ಲಿ 1941ರ ಡಿಸೆಂಬರ್ 7, ಜಪಾನಿನಲ್ಲಿ ಆಗಲೇ 8. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟದ್ದು ಅಮೆರಿಕಕ್ಕೆ ಜುಲೈ 20ರ ರಾತ್ರಿ, ನಮಗೆ 21ರ ಬೆಳಿಗ್ಗೆ ಎಂಟೂವರೆ ಸುಮಾರು.

ಕೆಲವು ದಿನಗಳನ್ನು ಯಾರೋ ಕೂತು ಆರಿಸಿದ್ದಾರೆ. ಆಗಸ್ಟ್ 15ನ್ನು ಮೌಂಟ್‌ಬ್ಯಾಟನ್ ಆರಿಸಿದ್ದು 1945ರಲ್ಲಿ ಅದೇ ದಿನ ಜಪಾನ್ ಶರಣಾಗಿತ್ತು ಅಂತ. ನಮ್ಮ ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ರಂದು. ಅದು ಪೂರ್ಣವಾಗಿ ಜಾರಿಗೆ ಬರಲು ಜನವರಿ 26ರವರೆಗೆ ಕಾದದ್ದು 1930ರ ಪೂರ್ಣ ಸ್ವರಾಜ್ ದಿನದ ನೆನಪಿಗೆ. ಇನ್ನೊಂದು ತಾರೀಖು ಯಾರ ಪಟ್ಟಿಗೂ ಜಾಸ್ತಿ ಬರುವುದಿಲ್ಲ: 1947ರ ಆಗಸ್ಟ್ 17. ರ‍್ಯಾಡ್‌ಕ್ಲಿಫ್ ಎಳೆದ ಗಡಿಗೆರೆ ಪ್ರಕಟವಾದದ್ದು ಅಂದು. ಅಂದರೆ ಪಂಜಾಬ್, ಬಂಗಾಳದ ಗಡಿ ಭಾಗದ ಎಷ್ಟೋ ಜನರಿಗೆ ಸ್ವಾತಂತ್ರ್ಯ ಬಂದು ಎರಡು ದಿನವಾದರೂ ತಾವು ಯಾವ ದೇಶದವರು ಅಂತ ಖಚಿತವಿರಲಿಲ್ಲ! ಇದಕ್ಕಿಂತ ದೊಡ್ಡ ಸುದ್ದಿ ಬೇಕೇ?

ಕೊನೆಯದಾಗಿ ಒಂದು ದೂರು. ನಿಮ್ಮ ಪಟ್ಟಿಯಲ್ಲಿ ಯುದ್ಧಗಳು ಜಾಸ್ತಿ. ಮೇ 8 ಬಂದರೆ 1945ರ ಯುರೋಪಿನ ವಿಜಯ ಖಾಯಂ. 1980ರ ಅದೇ ಮೇ 8ರಂದು, ಸಿಡುಬು ಭೂಮಿಯಿಂದಲೇ ಹೋಯಿತು ಅಂತ ವಿಶ್ವ ಆರೋಗ್ಯ ಸಭೆ ಘೋಷಿಸಿತು. ಇಪ್ಪತ್ತನೇ ಶತಮಾನವೊಂದರಲ್ಲೇ ಅಂದಾಜು 30 ಕೋಟಿ ಜನರನ್ನು ಕೊಂದ ರೋಗ ಅದು. ಸಹಜವಾಗಿ ಹರಡಿ ಸಿಡುಬು ತಗುಲಿದ ಕೊನೆಯ ವ್ಯಕ್ತಿ ಸೊಮಾಲಿಯಾದ ಒಂದು ಆಸ್ಪತ್ರೆಯಲ್ಲಿ ಅಡುಗೆ ಮಾಡುತ್ತಿದ್ದ ಅಲಿ ಮಾವ್ ಮಾಲಿನ್. 1977ರಲ್ಲಿ ಕಾಯಿಲೆ ಬಿದ್ದು ಬದುಕಿ ಉಳಿದರು. ಬರುವ ಮೇ 8ಕ್ಕೆ ಅಂಕಣದ ಅಷ್ಟೂ ಜಾಗವನ್ನು ಅವರಿಗೇ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಯುದ್ಧ ಗೆದ್ದವರು ಒಂದು ವರ್ಷ ಕಾಯಲಿ.

ಇಂತಿ,
ನಿಮ್ಮ ನಿತ್ಯದ ಓದುಗ