ಹೆಲೀನ್ ಚಂಡಮಾರುತದ ನಂತರ, ನಮ್ಮನ್ನು ಹುಡುಕಿದ ಎಲ್ಲರಿಗೂ

ನಲ್ಲಿ ನೀರನ್ನು ಇನ್ನು ಕುದಿಸದೆ ಕುಡಿಯಬಹುದು ಎಂದು ಅಮೆರಿಕದ ಉತ್ತರ ಕೆರೊಲಿನಾದಲ್ಲಿರುವ ನಮ್ಮ ಆಶ್‌ವಿಲ್ ನಗರ 2024ರ ನವೆಂಬರ್ 18ರಂದು ತಿಳಿಸಿತು. ಚಂಡಮಾರುತ ಬಂದು 53 ದಿನ ಆಗಿತ್ತು. ಈ ಬರಹ ಶುರು ಮಾಡಿದ್ದು ಆ ಸುದ್ದಿ ಬಂದ ಮೇಲೆ. ಅಲ್ಲಿಯವರೆಗೆ ಕೂತು ಬರೆಯುವ ಮನಸ್ಸೇ ಬಂದಿರಲಿಲ್ಲ. ಎಲ್ಲವೂ ಇನ್ನೂ ಸರಿಹೋಗಿಲ್ಲ. ಆದರೆ ನಾವು ಬದುಕಿದ್ದೇವೆ, ಇಲ್ಲಿನ ನಮ್ಮ ಗೆಳೆಯರೆಲ್ಲ ಬದುಕಿದ್ದಾರೆ. ಇಷ್ಟು ಗೊತ್ತು ಮಾಡಿಕೊಳ್ಳಲು ಎಷ್ಟು ಜನ ಒದ್ದಾಡಿದರು ಎಂಬುದನ್ನು ಹೇಳಲೇಬೇಕು.

ಹೆಲೀನ್ ನೆಲಕ್ಕೆ ಅಪ್ಪಳಿಸಿದ್ದು 2024ರ ಸೆಪ್ಟೆಂಬರ್ 26ರ ರಾತ್ರಿ, ಫ್ಲೋರಿಡಾದ ಪೆರ್ರಿ ಊರಿನ ಹತ್ತಿರ. ಅಲ್ಲಿಂದ ನಾವಿರುವ ಜಾಗಕ್ಕೆ ಸುಮಾರು 600 ಕಿಲೋಮೀಟರ್. ಇದು ಬ್ಲೂ ರಿಡ್ಜ್ ಬೆಟ್ಟಗಳ ಸೀಮೆ. ಇಲ್ಲಿಗೆ ಹರಿಕೇನ್ ಬಂದು ಊರು ಮುಳುಗಿಸುತ್ತದೆ ಅಂತ ಯಾರು ಅಂದುಕೊಳ್ಳುತ್ತಾರೆ? ಆದರೆ ಅದಕ್ಕೂ ಮೊದಲೇ ಮಳೆ ಹಿಡಿದಿತ್ತು. ಮಣ್ಣು ನೆನೆದು ನೆನೆದು ಇನ್ನೊಂದು ಹನಿ ಹಿಡಿಯದ ಹಾಗಾಗಿತ್ತು. ಅದರ ಮೇಲೆ ಹೆಲೀನ್ ಸುರಿಯಿತು. ಬ್ಯೂಸಿಕ್ ಎಂಬಲ್ಲಿ ಮೂರು ದಿನಕ್ಕೆ 30 ಇಂಚಿಗೂ ಜಾಸ್ತಿ ಮಳೆ. ಬೆಟ್ಟದ ಮೇಲೆ ಬಿದ್ದ ನೀರೆಲ್ಲ ಕಣಿವೆಗೇ ಇಳಿಯಬೇಕಲ್ವಾ? ಆಶ್‌ವಿಲ್‌ನಲ್ಲಿ ಫ್ರೆಂಚ್ ಬ್ರಾಡ್ ನದಿ 24.67 ಅಡಿಗೆ ಏರಿತು. 1916ರ ದೊಡ್ಡ ಪ್ರವಾಹದ ದಾಖಲೆ 23.1 ಅಡಿ. ನೂರು ವರ್ಷಕ್ಕೂ ಮೀರಿ ನಿಂತಿದ್ದ ಗುರುತು ಅದು.

27ರ ಶುಕ್ರವಾರ ಬೆಳಿಗ್ಗೆ ಕರೆಂಟ್ ಹೋಯಿತು, ನೀರು ಹೋಯಿತು, ಫೋನ್ ಸತ್ತಿತು. ಕರೆಂಟ್ ಇಲ್ಲದಿದ್ದರೂ ಹೇಗೋ ಇರಬಹುದು. ಯಾರು ಎಲ್ಲಿದ್ದಾರೆ ಎಂದು ಗೊತ್ತಾಗದಿರುವುದನ್ನು ಮಾತ್ರ ತಡೆಯಲು ಆಗುವುದಿಲ್ಲ. ನಮ್ಮ ಮನೆ ಎತ್ತರದಲ್ಲಿದೆ, ನಮಗೇನೂ ಆಗಲಿಲ್ಲ. ಆದರೆ ಆಶ್‌ವಿಲ್ ಪಕ್ಕದ ಸ್ವಾನನೋವಾದಲ್ಲಿ, ನದಿಗೆ ಹತ್ತಿರ, ನನ್ನ ಗೆಳತಿಯ ಮನೆ. ಅವಳು, ಗಂಡ, ಒಬ್ಬ ಮಗ. ಗುರುವಾರ ರಾತ್ರಿ "ಮಳೆ ಜೋರಾಗಿದೆ, ನಾಳೆ ಮಾತಾಡೋಣ" ಎಂದಿದ್ದಳು. ಅದಾದ ಮೇಲೆ ಏನೂ ಇಲ್ಲ. ಪಶ್ಚಿಮ ಉತ್ತರ ಕೆರೊಲಿನಾದ ಎಲ್ಲ ರಸ್ತೆಗಳೂ ಮುಚ್ಚಿವೆ ಎಂದೇ ತಿಳಿಯಿರಿ ಅಂತ ಸಾರಿಗೆ ಇಲಾಖೆ ಹೇಳಿಬಿಟ್ಟಿತ್ತು. ಕಾರಿನ ರೇಡಿಯೋದಲ್ಲಿ ಬ್ಲೂ ರಿಡ್ಜ್ ಪಬ್ಲಿಕ್ ರೇಡಿಯೋ ಹಾಕಿಕೊಂಡು ಕೌಂಟಿಯವರ ಮಾತು ಕೇಳುವುದೊಂದೇ ನಮಗಿದ್ದ ದಾರಿ. ಆ ರೇಡಿಯೋದವರಿಗೆ ಮೊದಲ ನಮಸ್ಕಾರ. ಅವರ ಮನೆಗಳಲ್ಲೂ ನೀರಿರಲಿಲ್ಲ. ಆದರೂ ಅವರ ದನಿ ಒಂದು ಗಳಿಗೆ ನಿಲ್ಲಲಿಲ್ಲ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬರು ನಿವೃತ್ತರಿದ್ದಾರೆ. ಅವರದು ಹ್ಯಾಮ್ ರೇಡಿಯೋ, ಅಂದರೆ ಸ್ವಂತ ರೇಡಿಯೋ ಸೆಟ್‌ನಲ್ಲಿ ದೂರದವರ ಜೊತೆ ಮಾತಾಡುವ, ಹವ್ಯಾಸ. ಇಷ್ಟು ವರ್ಷ ಅವರ ಮನೆ ಮೇಲಿನ ಆಂಟೆನಾ ನೋಡಿಕೊಂಡೇ ಓಡಾಡಿದ್ದೇವೆ, ಅದರ ಬೆಲೆ ಗೊತ್ತಾಗಿದ್ದು ಆಗ. ಮೌಂಟ್ ಮಿಚೆಲ್ ಎಂದರೆ ಮಿಸಿಸಿಪಿ ನದಿಯಿಂದ ಪೂರ್ವಕ್ಕೆ ಅಮೆರಿಕದ ಅತಿ ಎತ್ತರದ ಶಿಖರ. ಅದರ ಮೇಲಿನ ರಿಪೀಟರ್ ಕೆಲಸ ಮಾಡುತ್ತಲೇ ಇತ್ತು. ಸಣ್ಣ ಸೆಟ್‌ನಿಂದ ಹೊರಟ ದುರ್ಬಲ ದನಿಯನ್ನು ಅದು ಎತ್ತಿಕೊಂಡು ಕಣಿವೆ ಕಣಿವೆಗೂ ದಾಟಿಸುತ್ತಿತ್ತು. ಅವರು ಕಾರ್‌ಪೋರ್ಚ್‌ನಲ್ಲಿ ಕುರ್ಚಿ ಹಾಕಿಕೊಂಡು, ಕಾರಿನ ಬ್ಯಾಟರಿಗೆ ಸೆಟ್ ಜೋಡಿಸಿ ಕೂತರು. ಬೀದಿಯವರು ಬಂದು ಒಬ್ಬೊಬ್ಬರಾಗಿ ಹೆಸರು, ವಿಳಾಸ ಹೇಳುವುದು, ಅವರು ಗೆರೆ ಹಾಕಿದ ನೋಟ್‌ಬುಕ್‌ನಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುವುದು. ಕಾಗುಣಿತ ಸರಿಯೇ ಎಂದು ಪ್ರತಿ ಹೆಸರನ್ನೂ ಎರಡು ಸಲ ಕೇಳುತ್ತಿದ್ದರು. ಆಮೇಲೆ ಮೈಕ್ ಒತ್ತಿ, ಆ ಹೆಸರನ್ನು ನಿಧಾನವಾಗಿ ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಿದ್ದರು. ಉತ್ತರ ಬಂದಾಗ ಆ ಹೆಸರಿನ ಮುಂದೆ ಒಂದು ಸರಿ ಗುರುತು. ನನ್ನ ಗೆಳತಿಯ ಉದ್ದ ಹೆಸರನ್ನೂ ಹಾಗೇ ಬಿಡಿಸಿ ಹೇಳಿದರು. ಅವಳ ಸುದ್ದಿ ಕೊನೆಗೆ ಬಂದಿದ್ದು ಬೇರೆ ಕಡೆಯಿಂದ. ಆದರೂ, ಆಚೆ ಯಾರೋ ಅವಳ ಹೆಸರು ಬರೆದುಕೊಂಡಿದ್ದಾರೆ ಎಂಬ ಧೈರ್ಯದಲ್ಲೇ ಆ ರಾತ್ರಿ ಕಳೆಯಿತು. ಸಾರ್, ನಿಮಗೆ ಈ ಭಾಷೆ ಬರುವುದಿಲ್ಲ, ಇದನ್ನೆಲ್ಲ ನಿಮ್ಮೆದುರು ಬಂದು ಹೇಳಿದ್ದೇನೆ. ಇಲ್ಲೂ ಇರಲಿ.

ಸುದ್ದಿ ತಂದವರು ನನ್ನ ಗಂಡನ ಜೊತೆ ಕೆಲಸ ಮಾಡುವ ಒಬ್ಬ ನರ್ಸ್. ಅವರ ಮನೆ ಬ್ಲ್ಯಾಕ್ ಮೌಂಟನ್ ಕಡೆ. ಕೆಲಸಕ್ಕೆ ಬರುವ ದಾರಿಯಲ್ಲಿ, ಕಾರು ಹೋಗದ ಕಡೆ ಇಳಿದು ಕೆಸರಿನಲ್ಲಿ ನಡೆದು, ನಾವು ಕೊಟ್ಟ ವಿಳಾಸದ ಮನೆ ಹುಡುಕಿದರು. ಬಾಗಿಲಿಗೆ ಒಂದು ರಟ್ಟು ಅಂಟಿಸಿತ್ತು. ಮೇಲೆ ಇಂಗ್ಲಿಷ್‌ನಲ್ಲಿ ದೊಡ್ಡದಾಗಿ ನಾಲ್ಕು ಸಾಲು, ಕೆಳಗೆ ಕನ್ನಡದಲ್ಲಿ ಚಿಕ್ಕದಾಗಿ: "ಮೂವರೂ ಕ್ಷೇಮ. ಗ್ರೀನ್‌ವಿಲ್‌ಗೆ ಹೊರಟ್ವಿ. ಬೆಕ್ಕೂ ಜೊತೆಗಿದೆ. ಹುಡುಕ್ಬೇಡ." ಅವರು ಫೋಟೊ ತೆಗೆದುಕೊಂಡರು. ಕಳಿಸಲು ನೆಟ್‌ವರ್ಕ್ ಇಲ್ಲ. ಫೋನನ್ನೇ ಜೇಬಿನಲ್ಲಿಟ್ಟುಕೊಂಡು ಡ್ಯೂಟಿಗೆ ಬಂದು ನನ್ನ ಗಂಡನ ಕೈಗೆ ಕೊಟ್ಟರು. ಹನ್ನೆರಡು ಗಂಟೆಯ ಪಾಳಿ ಮುಂದಿದ್ದವರು, ಮುಖ ನೋಡಿರದ ಒಂದು ಮನೆಯವರಿಗಾಗಿ ಇಷ್ಟು ಮಾಡಿದರು. ಇದಕ್ಕೆ ಥ್ಯಾಂಕ್ಸ್ ಎಂಬ ಮಾತು ಸಾಲುವುದಿಲ್ಲ.

ದೂರದಲ್ಲಿದ್ದವರ ಬಗ್ಗೆ. ರಾಲಿಯಲ್ಲಿರುವ ನಮ್ಮ ಗೆಳೆಯ ಮಾಡಿದ್ದು ತುಂಬಾ ಜಾಣತನದ ಕೆಲಸ. ಕಾಲ್ ಹೋಗದಿದ್ದಾಗಲೂ ಒಮ್ಮೊಮ್ಮೆ ಮೆಸೇಜ್ ನುಸುಳುತ್ತಿತ್ತು. "ನನಗೊಂದೇ ಮೆಸೇಜ್ ಹಾಕಿ ಸಾಕು, ಮಿಕ್ಕವರಿಗೆಲ್ಲ ನಾನು ಹೇಳ್ತೀನಿ" ಎಂದು ಬರೆದ. ಯಾರ ಸುದ್ದಿ ಸಿಕ್ಕಿದೆ, ಯಾರದು ಇಲ್ಲ, ಯಾರ ಹತ್ತಿರ ಇನ್ಸುಲಿನ್ ಎಷ್ಟಿದೆ ಎಂಬ ಪಟ್ಟಿ ಇಟ್ಟ. ನಮ್ಮಪ್ಪನಿಗೆ ಫೋನ್ ಮಾಡಿದ್ದೂ ಅವನೇ. ಲೈಬ್ರರಿಯ ಹೊರಗೆ ವೈಫೈಗಾಗಿ ನಿಂತ ಜನರ ನಡುವೆ ನಿಂತು ನಾನು ಮೊದಲ ಸಲ ಫೋನ್ ತೆರೆದಾಗ ಮೆಸೇಜುಗಳು ಸುರಿದವು. ಅದರಲ್ಲಿ ಎಷ್ಟೋ ಜನ ಕೊನೆಗೆ ಒಂದು ಸಾಲು ಸೇರಿಸಿದ್ದರು: "ಉತ್ತರ ಬೇಡ, ಬ್ಯಾಟರಿ ಉಳಿಸಿಕೋ." ಆ ಸಾಲು ಬರೆದವರ ಹೆಸರು ಒಂದೊಂದೂ ನೆನಪಿದೆ.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ "ಇನ್ನೂ ನೀರು ಬಂದಿಲ್ವಾ?" ಎಂದು ಕೇಳದವರಿಲ್ಲ. ಊರಿನ ನೀರು ಬಹುಪಾಲು ನಾರ್ತ್ ಫೋರ್ಕ್ ಜಲಾಶಯದ್ದು. ಅಲ್ಲಿಂದ ಬರುವ ದೊಡ್ಡ ಪೈಪುಗಳನ್ನು ಪ್ರವಾಹ ಕಿತ್ತುಕೊಂಡು ಹೋಯಿತು. ಪೈಪು ಜೋಡಿಸಿದ ಮೇಲೂ ಕಷ್ಟ ಮುಗಿಯಲಿಲ್ಲ. ಜಲಾಶಯದ ತುಂಬ ನುಣ್ಣನೆಯ ಜೇಡಿಮಣ್ಣು ಕದಡಿ ನಿಂತಿತ್ತು, ತಳಕ್ಕೆ ಇಳಿಯುತ್ತಲೇ ಇರಲಿಲ್ಲ. ಆಲಂ, ಅಂದರೆ ಪಟಿಕ, ಹಾಕಿ ಹಾಕಿ ಅದನ್ನು ಕೂರಿಸಬೇಕಾಯಿತು. ಅಕ್ಟೋಬರ್ ಮಧ್ಯಕ್ಕೆ ನಲ್ಲಿಯಲ್ಲಿ ಏನೋ ಬಂತು, ಕುಡಿಯುವ ಹಾಗಿರಲಿಲ್ಲ.

ಆ ದಿನಗಳಲ್ಲಿ ಟಾಯ್ಲೆಟ್‌ಗೆ ನೀರು ಹೊತ್ತವರಿಗೆ ನನ್ನ ದೊಡ್ಡ ನಮಸ್ಕಾರ. "ಫ್ಲಶ್ ಬ್ರಿಗೇಡ್" ಎಂದು ಅವರನ್ನು ಕರೆಯುತ್ತಿದ್ದರು. ಪಿಕಪ್ ಟ್ರಕ್ಕಿನಲ್ಲಿ ದೊಡ್ಡ ಟ್ಯಾಂಕ್ ಇಟ್ಟುಕೊಂಡು, ವಯಸ್ಸಾದವರು ಇರುವ ಅಪಾರ್ಟ್‌ಮೆಂಟುಗಳಿಗೆ ಹೋಗಿ, ಬಕೆಟ್ ಹಿಡಿದು ಮೆಟ್ಟಿಲು ಹತ್ತಿ ಫ್ಲಶ್ ಮಾಡಿ ಬರುತ್ತಿದ್ದರು. ವ್ಹೀಲ್‌ಚೇರಿನಲ್ಲಿರುವ ಒಬ್ಬ ಮುದುಕಿಗೆ ಹಸಿವಿಗಿಂತ ಇದು ದೊಡ್ಡ ಚಿಂತೆ. ಅದನ್ನು ಬಾಯಿಬಿಟ್ಟು ಕೇಳಲು ನಾಚಿಕೆ. ಕೇಳುವ ಮೊದಲೇ ಇವರು ಬಾಗಿಲು ತಟ್ಟುತ್ತಿದ್ದರು. ಬೆಟ್ಟದ ಮೇಲೆ ರಸ್ತೆಯೇ ಉಳಿಯದ ಮನೆಗಳಿಗೆ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಹೋದವರೂ ಇದ್ದರು. ಅವರಿಗೂ.

ಅಕ್ಟೋಬರ್ 9ರಂದು ಮಿಲ್ಟನ್ ಎಂಬ ಇನ್ನೊಂದು ಚಂಡಮಾರುತ ಫ್ಲೋರಿಡಾಕ್ಕೆ ಬಡಿಯಿತು. ಅಲ್ಲಿಯವರೆಗೆ ನಮ್ಮನ್ನು ವಿಚಾರಿಸುತ್ತಿದ್ದ ಸರಸೋಟದ ಗೆಳೆಯರು ಈಗ ತಾವೇ ಕಾರು ತುಂಬಿಕೊಂಡು ಮನೆ ಬಿಟ್ಟರು. ದಾರಿಯಿಂದಲೂ "ನಿಮಗೆ ನೀರು ಬಂತಾ?" ಎಂದು ಕೇಳಿದರು. ಆಮೇಲೆ ಸುದ್ದಿಯವರು ಹೋದರು, ಚುನಾವಣೆ ಬಂತು. ಅಷ್ಟಾದ ಮೇಲೂ ಕೇಳುತ್ತಲೇ ಇದ್ದವರು ನೀವು. "ಏನಾದ್ರೂ ಬೇಕಾ?" ಎಂದರೆ ಏನು ಹೇಳಬೇಕೋ ತೋಚುತ್ತಿರಲಿಲ್ಲ. "ಶನಿವಾರ ಬರ್ತಿದ್ದೀನಿ, ನೀರಿನ ಕ್ಯಾನ್ ಎಷ್ಟು ತರಲಿ?" ಎಂದವರಿಗೆ ಮಾತ್ರ ತಕ್ಷಣ ಉತ್ತರ ಹೇಳಲು ಆಗುತ್ತಿತ್ತು. ಅಮೆರಿಕ ಸರ್ಕಾರದ ವಿಕೋಪ ನೆರವಿನ ಸಂಸ್ಥೆ ಫೀಮಾ ಆಗ ಕೊಡುತ್ತಿದ್ದ 750 ಡಾಲರ್ ಸಾಲ, ವಾಪಸ್ ಕಟ್ಟಬೇಕು ಎಂಬ ಸುಳ್ಳು ಹಬ್ಬಿದಾಗ ಗೆಳತಿಯ ಗಂಡ ಅರ್ಜಿಯನ್ನೇ ಹಾಕುವುದಿಲ್ಲ ಎಂದು ಕೂತಿದ್ದ. ಷಾರ್ಲಟ್‌ನಿಂದ ಒಬ್ಬರು ರಾತ್ರಿ ಫೋನಿನಲ್ಲಿ ಕೂತು, ನಿಯಮ ಓದಿ ಹೇಳಿ, ಫಾರಂ ತುಂಬಿಸಿದರು. ಅದು ಸಾಲ ಅಲ್ಲ, ತುರ್ತಿಗೆ ಕೊಡುವ ನೆರವು.

ಉತ್ತರ ಕೆರೊಲಿನಾ ಒಂದರಲ್ಲೇ ನೂರಕ್ಕೂ ಜಾಸ್ತಿ ಜನ ಹೋದರು. ನಮ್ಮ ಹಾಗೇ ವಿಳಾಸ ಹಿಡಿದು ಕಾದವರಿಗೆ ಬೇರೆ ಸುದ್ದಿ ಬಂತು. ನಮ್ಮವರು ಸಿಕ್ಕರು ಎಂಬ ಸಂತೋಷವನ್ನು ಬಾಯ್ತುಂಬ ಹೇಳಲು ಆಗದಿರುವುದು ಇದಕ್ಕೇ.

ಗೆಳತಿಯ ಮನೆ ನಿಂತಿದೆ. ಒಳಗೆ ಸೊಂಟದವರೆಗೆ ಗೋಡೆ ಬಿಚ್ಚಿದ್ದಾರೆ, ಬೂಷ್ಟು ಹಿಡಿದ ಮರ ಒಣಗಬೇಕು. ಮಗ ಶಾಲೆಗೆ ವಾಪಸ್ ಬಂದಿದ್ದಾನೆ, ಸದ್ಯ ನಮ್ಮಲ್ಲೇ ಮಲಗುತ್ತಾನೆ. ಬರುವ ಶನಿವಾರದಿಂದ ಹೊಸ ಡ್ರೈವಾಲ್, ಅಂದರೆ ಒಳಗೋಡೆಯ ಹಲಗೆ, ಕೂರಿಸಲು ಶುರು. 2024ರ ನವೆಂಬರ್‌ನಲ್ಲಿ ಇದನ್ನು ಬರೆಯುವಾಗ ಪಿಜನ್ ನದಿಯ ಕಣಿವೆಯಲ್ಲಿ ಐ-40 ಹೆದ್ದಾರಿ ಇನ್ನೂ ಮುಚ್ಚಿತ್ತು, ಟೆನೆಸಿ ಕಡೆಯಿಂದ ಬರುವವರು ಸುತ್ತು ಹಾಕಬೇಕಿತ್ತು. ಡ್ರಿಲ್ ಹಿಡಿಯಲು ಬರುವವರು ಇದ್ದರೆ ಒಂದು ಮೆಸೇಜ್ ಹಾಕಿ. ಮಾಸ್ಕು, ಕೈಗವಸು ನಮ್ಮಲ್ಲಿವೆ. ಊಟ ನಾನು ಮಾಡುತ್ತೇನೆ.