ಕಪ್ಪೆರಾಯನಿಗೆ, ಹಳ್ಳದ ಕಡೆಯಿಂದ

ಪ್ರೀತಿಯ ಕಪ್ಪೆರಾಯ,

ಊರಲ್ಲಿ ಏನು ವಿಶೇಷ ಅಂತ ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಪತ್ರ. ನಮ್ಮ ಹಳ್ಳ ಗೊತ್ತಿರುವ ಉಳಿದವರೂ ಓದಲಿ ಅಂತ ಎಲ್ಲರ ಎದುರೇ ಬರೆಯುತ್ತಿದ್ದೇನೆ. ಹೆದರಬೇಡ, ಮೂರನೇ ಕಡುಬಿನ ವಿಷಯ ಎತ್ತುವುದಿಲ್ಲ.

ಮೊನ್ನೆ ಬೆಳಿಗ್ಗೆ ಮೋರಿಯ ಹತ್ತಿರ ಹಳ್ಳಕ್ಕೆ ಇಳಿದಿದ್ದೆ. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಹುಳಿ ವಾಸನೆ. ಕಲ್ಲುಗಳ ಮೇಲೆ ಬೂದು ಲೋಳೆ, ಬೆರಳಲ್ಲಿ ಎಳೆದರೆ ಎಳೆ ಎಳೆಯಾಗಿ ಬರುತ್ತಿತ್ತು. ಸಣ್ಣ ಮೀನುಗಳೆಲ್ಲ ಅಂಚಿಗೆ ಬಂದು, ಬಾಯಿ ಮೇಲೆ ಮಾಡಿ ಗಾಳಿ ಎಳೆಯುತ್ತಿದ್ದವು. ಒಂದನ್ನು ಅಂಗೈಗೆ ತೆಗೆದುಕೊಂಡೆ. ಕಿವಿರು ಪಟಪಟ ಬಡಿದುಕೊಳ್ಳುತ್ತಿತ್ತು. ತಿರುಗಿ ಬಿಡೋಣ ಅಂದರೆ ಅಲ್ಲಿ ಬೇರೆ ನೀರೇ ಇರಲಿಲ್ಲ ಮಾರಾಯ.

ಪಲ್ಪಿಂಗ್ ಶುರುವಾಗಿದೆ. ಅರೇಬಿಕಾ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಲೋಳೆ ತೊಳೆದು, ಹೊಟ್ಟಿನ ಸಮೇತ ಒಣಗಿಸಿ ಪಾರ್ಚ್‌ಮೆಂಟ್ ಮಾಡುತ್ತಾರಲ್ಲ, ಆ ತೊಳೆದ ನೀರು ಇದು. ಯಾರೂ ಬೇಕಂತ ವಿಷ ಹಾಕಿಲ್ಲ. ಅದರಲ್ಲಿರುವುದು ಹಣ್ಣಿನದೇ ಸಕ್ಕರೆ, ಹಣ್ಣಿನದೇ ಅಂಟು. ಆದರೆ ಹಳ್ಳಕ್ಕೆ ಬಿದ್ದ ಮೇಲೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಸಿಕ್ಕಾಪಟ್ಟೆ ಬೆಳೆದು, ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನಿಗೆ ಉಳಿಯುವುದೇ ಇಲ್ಲ. ಹಣ್ಣು ಕೊಯ್ಯುವುದು ನವೆಂಬರಿನಿಂದ ಜನವರಿಯವರೆಗೆ. ಹಳ್ಳ ಸೊರಗುತ್ತಾ ಹೋಗುವುದೂ ಆಗಲೇ. ಈ ನೀರೇ ತುಂಗೆ ಸೇರುತ್ತದೆ. ಅದೇ ಹೊತ್ತಿಗೆ ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆ. ಸಾವಿರಾರು ಜನ ಹೊಳೆಯಲ್ಲಿ ಮುಳುಗಿ ಏಳುತ್ತಾರೆ. ಕೆಳಗೆ ಶಿವಮೊಗ್ಗದವರು ಕುಡಿಯುವುದೂ ತುಂಗೆಯನ್ನೇ. ಗಂಗಾ ಸ್ನಾನ, ತುಂಗಾ ಪಾನ ಅಂತ ನಿಮ್ಮಜ್ಜಿ ದಿನಾ ಹೇಳುತ್ತಿದ್ದರು, ನೆನಪಿದೆಯಾ?

2024ರ ನವೆಂಬರಿನಲ್ಲಿ ಶೃಂಗೇರಿಯಿಂದ ನಿರ್ಮಲ ತುಂಗಭದ್ರಾ ಪಾದಯಾತ್ರೆ ಹೊರಟಿತಲ್ಲ, ಅದಾದ ಮೇಲೆ ನಮ್ಮಲ್ಲೂ ಕೆಲವರು ಒಟ್ಟಾದೆವು. ಇಡೀ ಹೊಳೆ ನಮ್ಮ ಕೈಯಲ್ಲಿ ಆಗುವುದಲ್ಲ. ಹಳ್ಳ ಹುಟ್ಟುವ ಗುಡ್ಡದಿಂದ ಹೊಳೆ ಸೇರುವ ತನಕ ನೋಡಿಕೊಳ್ಳೋಣ ಅಂದುಕೊಂಡೆವು. ಮಳೆಗಾಲದಲ್ಲಿ ಅಡಿಕೆಗೆ ಔಷಧಿ ಹೊಡೆದವರು ಡ್ರಮ್ಮನ್ನು ಹಳ್ಳದಲ್ಲೇ ತೊಳೆಯುತ್ತಿದ್ದರು. ಅದರಲ್ಲಿರುವ ಮೈಲುತುತ್ತ ಮೀನಿಗೆ ಆಗುವುದಿಲ್ಲ, ತೊಳೆದ ನೀರನ್ನು ತೋಟಕ್ಕೇ ಚೆಲ್ಲಿ ಅಂದೆವು. ಹೆಚ್ಚಿನವರು ಒಪ್ಪಿದರು. ಒಪ್ಪುವುದಕ್ಕೆ ದುಡ್ಡು ಬೇಕಾಗಿರಲಿಲ್ಲ.

ಪಲ್ಪಿಂಗ್ ನೀರು ಹಳ್ಳ ಸೇರದ ಹಾಗೆ ಮಾಡುವುದಕ್ಕೆ ದುಡ್ಡು ಬೇಕು. ಗುಂಡಿ ತೆಗೆಸಬೇಕು, ನೀರು ಇಂಗದ ಹಾಗೆ ಅದಕ್ಕೆ ಶೀಟು ಹಾಸಬೇಕು, ಹುಳಿ ಹೋಗುವಷ್ಟು ಸುಣ್ಣ ಹಾಕಬೇಕು. ತೊಳೆದ ನೀರನ್ನೇ ತಿರುಗಿ ಬಳಸಿದರೆ ಗುಂಡಿಯೂ ಸಣ್ಣದು ಸಾಕು. ಕೊನೆಗೆ ತಿಳಿಯಾದದ್ದನ್ನು ತೋಟಕ್ಕೆ ಬಿಡಬಹುದು. ದೊಡ್ಡ ಎಸ್ಟೇಟುಗಳಿಗೆ ಇದೇನೂ ಭಾರವಲ್ಲ. ನಾಲ್ಕೆಕರೆಯವನಿಗೆ ಭಾರವೇ. ಅದಕ್ಕೇ ಒಂದೇ ಜೆಸಿಬಿ ತರಿಸಿ ಸಾಲಾಗಿ ಎಲ್ಲರ ಗುಂಡಿ ತೆಗೆಸೋಣ, ಬಾಡಿಗೆ ಹಂಚಿಕೊಳ್ಳೋಣ ಅಂತ ಗ್ರಾಮಸಭೆಯಲ್ಲಿ ಕೇಳಿದೆವು. ಅಲ್ಲೇ ಹಲವರು ಹೆಸರು ಕೊಟ್ಟರು. ಒಂದು ಮನೆಯವರು ಕೊಡಲಿಲ್ಲ.

ಯಾರ ಮನೆ ಅಂತ ಇಲ್ಲಿ ಬರೆಯುವುದಿಲ್ಲ. ಆ ಜಗಲಿಯಲ್ಲಿ ಕೂತೇ ನಾವಿಬ್ಬರೂ ಎಸ್ಸೆಸ್ಸೆಲ್ಸಿಗೆ ಓದಿದ್ದು. ಗೊತ್ತಾಯಿತಲ್ಲ?

ಶಿಶಿಲಕ್ಕೆ ಹೋಗಿದ್ದು ನೆನಪು ಮಾಡಿಕೋ. ಶಿಶಿಲೇಶ್ವರ ದೇವಸ್ಥಾನದ ಎದುರು ಕಪಿಲಾ ಹೊಳೆಯಲ್ಲಿ ದೇವರ ಮೀನು. 1996ರಲ್ಲಿ ಯಾರೋ ಅಲ್ಲಿ ವಿಷ ಹಾಕಿ ರಾಶಿ ರಾಶಿ ಮೀನು ಸತ್ತವು, ಊರವರು ಮೀನಿಗೇ ಒಂದು ಸ್ಮಾರಕ ಕಟ್ಟಿದರು. ಅದರ ಮುಂದೆ ನಿಂತಾಗ ನಿನಗೆ ಮಾತೇ ಹೊರಡಲಿಲ್ಲ. ಆ ವಿಷ ಹಾಕಿದವರನ್ನು ಪಾಪಿಗಳು ಅನ್ನುವುದು ಸುಲಭ. ನಮ್ಮ ಹಳ್ಳಕ್ಕೆ ನೀರು ಬಿಡುವವರು ಪಾಪಿಗಳಲ್ಲ ಕಣೋ. ನನ್ನ ಅಪ್ಪ ಹೋದಾಗ ರಾತ್ರಿಯಿಡೀ ನಮ್ಮ ಅಂಗಳದಲ್ಲಿ ಕೂತಿದ್ದವರು.

ಇದನ್ನು ಬರೆಯಬೇಕು ಅಂತ ಹೊರಟಿರಲಿಲ್ಲ, ಆದರೂ ಹೇಳುತ್ತೇನೆ. ಅವರ ಮನೆಗೆ ಮಾತಾಡಲು ಹೋದಾಗ ಚಿಕ್ಕಮ್ಮ ಯಾವಾಗಿನ ಹಾಗೇ ಕಾಫಿ ತಂದಿಟ್ಟರು. ಲೋಟ ಹಿಡಿದುಕೊಂಡು ಕೂತಾಗ ನನಗೆ ಹೆದರಿಕೆಯಾಯಿತು. ಹೊಳೆ ಕೆಟ್ಟರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಈ ಮನೆಯ ಬಾಗಿಲು ನನಗೆ ಮುಚ್ಚಿದರೆ ಅದನ್ನು ತಡೆದುಕೊಳ್ಳಲು ನನ್ನಿಂದ ಆಗುವುದಿಲ್ಲ ಅನ್ನಿಸಿತು. ಯಾವ ಸಭೆಯಲ್ಲೂ ಇದನ್ನು ಹೇಳಿಲ್ಲ. ದೂರದ ಫ್ಯಾಕ್ಟರಿಯ ಗೇಟಿನಲ್ಲಿ ನಿಂತು ಘೋಷಣೆ ಕೂಗುವ ಧೈರ್ಯ ನನಗಿದೆ. ಅದು ಈ ಜಗಲಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೇಳಬೇಕಾದ್ದನ್ನು ಹೇಳಿದೆ. ಗಂಟಲು ಒಣಗಿತ್ತು. ಚಿಕ್ಕಪ್ಪ ನನ್ನ ಮುಖ ನೋಡದೆ, "ಕಾಫಿ ಆರ್ತದೆ, ಕುಡಿ" ಅಂದರು. ಅಷ್ಟೇ.

ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ ಅಂತ ಗುಂಪಿನ ಹುಡುಗರು ಒತ್ತಾಯ ಮಾಡುತ್ತಿದ್ದಾರೆ. ಅವರು ಹೇಳುವುದು ತಪ್ಪಲ್ಲ. ಎಳ್ಳಮಾವಾಸ್ಯೆ ಮುಗಿಯಲಿ ಅಂದಿದ್ದೇನೆ.

ಇರಲಿ, ಪತ್ರ ಭಾರವಾಯಿತು. ನೀನು ಜಾತ್ರೆಗೆ ಹೇಗೂ ಬರುತ್ತೀಯಲ್ಲ, ಎರಡು ದಿನ ಮೊದಲೇ ಬಸ್ಸು ಹತ್ತು. ನಿನ್ನ ಚಿಕ್ಕಪ್ಪನ ಹತ್ತಿರ ನೀನು ಕೂತು ಮಾತಾಡು. ಜೆಸಿಬಿ ಇನ್ನೂ ನಮ್ಮೂರಲ್ಲೇ ಇದೆ, ಡ್ರೈವರ್ ನನ್ನ ಫೋನ್ ಎತ್ತುತ್ತಾನೆ. ಅಂಗಳದಲ್ಲಿ ಜಾಗ ತೋರಿಸಿದರೆ ಒಂದು ಮಧ್ಯಾಹ್ನದ ಕೆಲಸ. ಬರುವಾಗ ಆ ನೀಲಿ ಛತ್ರಿ ಮಾತ್ರ ತರಬೇಡ, ಪುಣ್ಯಾತ್ಮ, ಊರಿನವರು ಇನ್ನೂ ಮರೆತಿಲ್ಲ. ಕಡುಬು ಅಮ್ಮ ಮಾಡುತ್ತಾರೆ. ಎಷ್ಟು ಬೇಕು ಅಂತ ಈಗಲೇ ತಿಳಿಸು.

ನಿನ್ನ,
ಮೋರಿಮನೆ ಗೆಳೆಯ