ಪಕ್ಷಿ ಕೈಪಿಡಿ ತೋಟದ ಕಾರ್ಮಿಕರ ಲೈನ್‌ಮನೆಗೂ ತಲುಪಲಿ

ಮಾನ್ಯರೇ,

ಪಕ್ಷಿವೀಕ್ಷಣೆಯ ಹವ್ಯಾಸಿಗಳಿಗೆ ಹಕ್ಕಿ ಗುರುತಿಸುವ ಕೈಪಿಡಿಗಳನ್ನು ಈಚೆಗೆ ನಮ್ಮ ಊರಿನಲ್ಲಿ ಉಚಿತವಾಗಿ ಹಂಚಿದ್ದು ಸ್ವಾಗತಾರ್ಹ. ಆದರೆ ಪ್ರತಿಗಳೆಲ್ಲವೂ ಇಂಗ್ಲಿಷಿನಲ್ಲಿದ್ದವು. ಹೆಚ್ಚಿನವು ದುಬಾರಿ ಕ್ಯಾಮೆರಾ ಹೊತ್ತು ಬಂದ ಪ್ರವಾಸಿಗರ ಪಾಲಾದವು. (ನಾನೂ ಒಂದನ್ನು ಪಡೆದೆ ಎಂಬುದನ್ನು ಮುಚ್ಚಿಡುವುದಿಲ್ಲ.)

ಕೊಡಗಿನಲ್ಲಿ ಹಕ್ಕಿಗಳು ಪುಷ್ಪಗಿರಿ, ಬ್ರಹ್ಮಗಿರಿಯಂತಹ ಅಭಯಾರಣ್ಯಗಳಿಗಷ್ಟೇ ಸೀಮಿತವಾಗಿಲ್ಲ. ಕಾಫಿ ತೋಟದ ನೆರಳಿಗಾಗಿ ಉಳಿಸಿಕೊಂಡ ಅತ್ತಿ, ಬಸರಿ ಮರಗಳು ಹಣ್ಣು ಬಿಟ್ಟಾಗ ಮಂಗಟ್ಟೆಗಳೂ (ಹಾರ್ನ್‌ಬಿಲ್) ಕುಟ್ರುಹಕ್ಕಿಗಳೂ ಅಲ್ಲಿಗೇ ಬರುತ್ತವೆ. ದಿನವಿಡೀ ಆ ಮರಗಳ ಕೆಳಗೆ ದುಡಿಯುವ ಕಾರ್ಮಿಕರಿಗೆ ಯಾವ ಹಕ್ಕಿ ಯಾವ ಪೊಟರೆಯಲ್ಲಿದೆಯೆಂಬುದು ತಿಳಿದಿರುತ್ತದೆ. ಕೊಕ್ಕಿನ ಮೇಲೆ ಹಳದಿ ಶಿರಸ್ತ್ರಾಣವಿರುವುದು ದೊಡ್ಡ ಮಂಗಟ್ಟೆ, ಅದಿಲ್ಲದ ಚಿಕ್ಕ ಬೂದು ಹಕ್ಕಿ ಪಶ್ಚಿಮ ಘಟ್ಟದಲ್ಲಿ ಮಾತ್ರ ಕಾಣುವ ಮಲಬಾರ್ ಬೂದು ಮಂಗಟ್ಟೆ ಎಂದು ಚಿತ್ರಸಹಿತ ತೋರಿಸಿದರೆ, ಮತ್ತು ಹೆಣ್ಣು ಮಂಗಟ್ಟೆಯು ಮರಿ ಮಾಡಲು ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗಿರುವಾಗ ಗಂಡು ತರುವ ಆಹಾರವೇ ಅದಕ್ಕೆ ಆಧಾರವೆಂದು ವಿವರಿಸಿದರೆ, ಮರ ಕಡಿಯುವ ಮುನ್ನ ಮೇಲಕ್ಕೆ ನೋಡುವವರು ಹೆಚ್ಚಾದಾರು.

ಆದ್ದರಿಂದ ಮುಂದಿನ ಬಾರಿ ಕನ್ನಡದ ಹೆಸರುಗಳ ಜೊತೆಗೆ ಕೊಡವ, ಅರೆಭಾಷೆಯ ಹೆಸರುಗಳೂ ಇರುವ ತೆಳುವಾದ ಕೈಪಿಡಿಯನ್ನು ಸಿದ್ಧಪಡಿಸಿ, ಮಳೆಗೆ ಹಾಳಾಗದಂತೆ ಲ್ಯಾಮಿನೇಟ್ ಮಾಡಿಸಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೂ ಸರ್ಕಾರಿ ಶಾಲೆಗಳಿಗೂ ಮೊದಲು ತಲುಪಿಸಬೇಕೆಂದು ಸಂಘಟಕರಲ್ಲಿ ವಿನಂತಿಸುತ್ತೇನೆ.

– ಓರ್ವ ಕಾಫಿ ಬೆಳೆಗಾರ, ವಿರಾಜಪೇಟೆ